ಅಂಗಡಿ ದೀಪದಿಂದ ಆಚೆ ತಂದು ನೋಡಿ

ಹೋದ ವಾರ ತಂಗಿ ಮಗಳ ಮದುವೆಗೆ ವಜ್ರದ ಓಲೆ ತರಲು ಹೋಗಿದ್ದೆವು. ಏಳು ಹರಳಿನ ಬೆಂಡೋಲೆಯೇ ಬೇಕು ಅಂತ ಅವಳ ಆಸೆ. ಅಂಗಡಿಯ ಹುಡುಗ ಎರಡು ಜೊತೆ ತಂದಿಟ್ಟ. ಒಂದು ‘ಇಎಫ್ ವಿವಿಎಸ್’, ಇನ್ನೊಂದು ‘ಜಿಎಚ್ ವಿಎಸ್’. ಮೊದಲ ಅಕ್ಷರಗಳು ಬಣ್ಣದ ದರ್ಜೆ, ಆಮೇಲಿನವು ಒಳಗೆ ಚುಕ್ಕೆ ಎಷ್ಟು ಕಡಿಮೆ ಅನ್ನುವ ದರ್ಜೆ; ಎರಡರಲ್ಲೂ ಮೊದಲ ಜೊತೆಯೇ ಮೇಲು. ಬೆಲೆಯಲ್ಲಿ ತುಂಬಾ ವ್ಯತ್ಯಾಸ. “ತಗೊಳ್ಳೋದೇ ಆದ್ರೆ ಟಾಪ್ ಕ್ವಾಲಿಟಿನೇ ತಗೊಳ್ಳಿ ಮೇಡಂ” ಅಂದ. ತಲೆಯ ಮೇಲೆ ಸಾಲು ಸಾಲು ದೀಪ. ಆ ಬೆಳಕಿನಲ್ಲಿ ಅಮೆರಿಕನ್ ಡೈಮಂಡ್ ಕೂಡ ಫಳಫಳ ಅನ್ನುತ್ತದೆ.

ಎರಡನ್ನೂ ಬಾಗಿಲ ಹತ್ತಿರ ತರಿಸಿದೆ. ಮೋಡ ಕವಿದಿತ್ತು. ದುಬಾರಿ ಜೊತೆಯಲ್ಲಿ ಎರಡು ಹರಳು ನಡುವೆ ಗಾಜಿನ ಚೂರಿನಂತೆ ಸಪ್ಪೆಯಾಗಿ ಕಂಡವು. ಇನ್ನೊಂದರಲ್ಲಿ ಹದಿನಾಲ್ಕೂ ಹರಳು ಒಂದೇ ಸಮ. ಕೈ ಸ್ವಲ್ಪ ಅಲುಗಿದರೂ ಬೆಳಕು ಒಂದರಿಂದ ಒಂದಕ್ಕೆ ಹಾರುತ್ತಿತ್ತು.

ಇದೆಲ್ಲ ಕಟ್‌ನ ಮಹಿಮೆ. ಬಣ್ಣ, ಒಳಗಿನ ಚುಕ್ಕೆ ಭೂಮಿಯಿಂದಲೇ ಬರುತ್ತವೆ. ಹೊಳಪು ತರುವುದು ಕತ್ತರಿಸುವವರ ಕೈ. ಹರಳಿನ ಆಳ ಜಾಸ್ತಿಯಾದರೂ ಕಡಿಮೆಯಾದರೂ ಒಳಗೆ ಹೋದ ಬೆಳಕು ನಮ್ಮ ಕಣ್ಣಿಗೆ ವಾಪಸ್ ಬರುವುದಿಲ್ಲ, ಪಕ್ಕಕ್ಕೋ ಕೆಳಕ್ಕೋ ಸೋರಿಹೋಗುತ್ತದೆ. ವಜ್ರ ಮಾರುವುದು ತೂಕದ ಲೆಕ್ಕದಲ್ಲಿ ಅಲ್ವಾ? ಅದಕ್ಕೇ ತೂಕ ಉಳಿಸಲು ಹೊಟ್ಟೆ ದಪ್ಪ ಬಿಟ್ಟು ಕತ್ತರಿಸುವುದೂ ಉಂಟು. ಒಂದು ಕ್ಯಾರೆಟ್ ತೂಕದ ದುಂಡು ಹರಳು ಸುಮಾರು 6.5 ಮಿಲಿಮೀಟರ್ ಅಗಲ ಇರಬೇಕು. ಬರೀ 6 ಇದ್ದರೆ, ನೀವು ದುಡ್ಡು ಕೊಟ್ಟಿದ್ದು ಕಣ್ಣಿಗೆ ಕಾಣದ ಹೊಟ್ಟೆಗೆ.

ವಿವಿಎಸ್‌ಗೂ ವಿಎಸ್‌ಗೂ ಇರುವ ವ್ಯತ್ಯಾಸ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ ಹೇಳುವಂಥದ್ದು. ಹತ್ತು ಸೆಂಟಿನ, ಅಂದರೆ ಕ್ಯಾರೆಟ್‌ನ ಹತ್ತರಲ್ಲೊಂದು ಭಾಗದ ಹರಳಲ್ಲಿ ಬರಿಗಣ್ಣಿಗೆ ಎರಡೂ ಒಂದೇ. ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ಜಿ, ಎಚ್ ಬಣ್ಣವೂ ಬೆಳ್ಳಗೇ ಕಾಣುತ್ತದೆ. ಆ ದುಡ್ಡನ್ನು ಒಳ್ಳೆಯ ಕಟ್‌ಗೆ ಹಾಕಿ.

ದರ್ಜೆಯ ವಿಷಯದಲ್ಲಿ ಅಂಗಡಿಯವರ ಮಾತನ್ನೇ ನಂಬಬಾರದು ಅಂತ ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಹನ್ನೆರಡು ವರ್ಷದ ಹಿಂದೆ ಕೊಂಡ ಉಂಗುರವನ್ನು ಬದಲಾಯಿಸಲು ಹೋದಾಗ, ಹರಳಿನ ದರ್ಜೆ ಬರೆದು ಮಾರಿದವರು ಕೊಟ್ಟಿದ್ದ ಕಾರ್ಡನ್ನು ಬೇರೆ ಯಾರೂ ಒಪ್ಪಲಿಲ್ಲ. ಅದು ಅಂಗಡಿಯವರೇ ಅಚ್ಚು ಹಾಕಿಸಿದ್ದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ‘ವಿವಿಎಸ್’ ಅಂದಿದ್ದು ವಿಎಸ್‌ಗಿಂತಲೂ ಕೆಳಗಿನ ‘ಎಸ್‌ಐ’ ಆಗಿತ್ತು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಜಿಐಎ, ಐಜಿಐ ತರದ ಹೊರಗಿನ ಲ್ಯಾಬಿನ ಸರ್ಟಿಫಿಕೇಟ್ ಕೇಳಿ, ಅದರ ನಂಬರ್ ಹಾಕಿ ಅವರ ವೆಬ್‌ಸೈಟಲ್ಲಿ ಅಲ್ಲೇ ನಿಂತು ನೋಡಿ. ಹಾಲ್‌ಮಾರ್ಕ್ ಇದೆಯಲ್ಲ ಅಂತ ಸುಮ್ಮನಾಗಬೇಡಿ. ಅದು ಚಿನ್ನದ ಶುದ್ಧತೆಗೆ ಮಾತ್ರ, ಹರಳಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಬಿಲ್ಲಿನಲ್ಲಿ ಹರಳಿನ ತೂಕ ಕಳೆದು ಚಿನ್ನದ ತೂಕ ಬರೆದಿದ್ದಾರಾ ನೋಡಿ. ಐದು ಕ್ಯಾರೆಟ್ ಅಂದರೆ ಒಂದು ಗ್ರಾಂ. ಒಂದೂವರೆ ಕ್ಯಾರೆಟ್ಟಿನ ಓಲೆಯಲ್ಲಿ ಅದನ್ನು ಕಳೆಯದಿದ್ದರೆ 0.3 ಗ್ರಾಂ ಚಿನ್ನದ ದುಡ್ಡು ಸುಮ್ನೆ ಹೋಯಿತು. ವಾಪಸ್ ಕೊಟ್ಟರೆ ಎಷ್ಟು ಹಿಡಿಯುತ್ತೀರಿ ಅನ್ನುವುದನ್ನೂ ಬಿಲ್ಲಿನಲ್ಲೇ ಬರೆಸಿ. ಚಿನ್ನದ ಹಾಗೆ ವಜ್ರಕ್ಕೆ ಊರಿಗೆಲ್ಲ ಒಂದೇ ರೇಟು ಇಲ್ಲ. ಕಷ್ಟಕಾಲಕ್ಕೆ ಆಗುತ್ತದೆ ಅಂತ ವಜ್ರ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲ್ಯಾಬಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಬೆಲೆ ತುಂಬಾ ಕಡಿಮೆ. ಹಾಕಿಕೊಳ್ಳುವ ಆಸೆ ಅಷ್ಟೇ ಇದ್ದರೆ ಧಾರಾಳವಾಗಿ ಕೊಳ್ಳಿ. ಬಿಲ್ಲಿನಲ್ಲಿ ಹಾಗಂತ ಬರೆದಿರಬೇಕು.

ನಾವು ಕೊನೆಗೆ ತಂದಿದ್ದು ಜಿಎಚ್ ಜೊತೆಯನ್ನೇ. ಮನೆಗೆ ಬಂದಾಗ ತಂಗಿ ಅಮ್ಮನ ಓಲೆಯನ್ನೂ ಪೆಟ್ಟಿಗೆಯಿಂದ ತೆಗೆದಳು. “ಇದರ ಹೊಳಪೇ ಹೋಗಿದೆ ಅಕ್ಕ, ಕೊಟ್ಟುಬಿಡೋಣ” ಅಂದಳು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಗಣಿಗಳಲ್ಲಿ ಕಲ್ಲುಪುಡಿಯಿಂದ ವಜ್ರ ಬೇರೆ ಮಾಡಲು ಗ್ರೀಸ್ ಬಳಿದ ಹಲಗೆ ಇಡುತ್ತಿದ್ದದ್ದೂ ಇದೇ ಕಾರಣಕ್ಕೆ. ಅಮ್ಮ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವರು. ಹಿಂದೆ ತೆರೆದಿರುವ ಓಪನ್ ಸೆಟಿಂಗ್ ಓಲೆ ಅದು. ಅಂಟುವಾಳ ಕಾಯಿಯ ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಹಿಂದಿನಿಂದ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದೆ. ನೀರು ಮಸುಕಾಯಿತು. ಒರೆಸಿ ಕಿಟಕಿಯ ಹತ್ತಿರ ಹಿಡಿದಾಗ ತಂಗಿ ಏನೂ ಮಾತಾಡಲಿಲ್ಲ, ಓಲೆ ಇಸಕೊಂಡು ಕಿವಿಗೆ ಹಾಕಿಕೊಂಡಳು.