ಬಿಸಿಗಾಳಿ ಎಚ್ಚರಿಕೆ: 40 ಡಿಗ್ರಿಯ ಗೆರೆ ಸಾಕೇ, ಸೆಕೆಯ ಲೆಕ್ಕವೂ ಬೇಕೇ?

ಪರ: ಉಷ್ಣಾಂಶ ಒಂದನ್ನೇ ನಂಬಿ ಕೂತದ್ದು ಸಾಕು

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಿಸಿಗಾಳಿ ಎನ್ನಿಸಿಕೊಳ್ಳಲು ಮೊದಲು ಒಂದು ಹೊಸ್ತಿಲು ದಾಟಬೇಕು. ಬಯಲಿನಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ಅದರ ಮೇಲೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಏರಿರಬೇಕು, 6.4 ಮೀರಿದರೆ ತೀವ್ರ ಬಿಸಿಗಾಳಿ. ಬಯಲಿನಲ್ಲಿ ವಾಡಿಕೆ ಎಷ್ಟೇ ಇರಲಿ, 45 ಮುಟ್ಟಿದರೆ ಬಿಸಿಗಾಳಿ, 47ಕ್ಕೆ ತೀವ್ರ. ಇದಿಷ್ಟೂ ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಕಾಣಿಸಬೇಕು. ಘೋಷಣೆ ಎರಡನೇ ದಿನ. ಇಡೀ ದೇಶಕ್ಕೆ ಇಂಥ ಉಪವಿಭಾಗಗಳು 36. ಬೀದರಿನಿಂದ ಹಾವೇರಿವರೆಗೆ ಎಲ್ಲವೂ ಒಂದರಲ್ಲೇ.

ಈ ಜರಡಿಯಲ್ಲಿ ಏನೇನು ಸೋರಿಹೋಗುತ್ತದೆ ನೋಡಿ. ಬೆಂಗಳೂರು ನಗರ ವೀಕ್ಷಣಾಲಯದ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ. ಏಪ್ರಿಲ್ ವಾಡಿಕೆ ಅಲ್ಲಿ ಸುಮಾರು 34. ಐದು ಡಿಗ್ರಿ ಏರಿದರೂ ಹೊಸ್ತಿಲು ದಾಟಲಿಲ್ಲ! 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲು ಮೈದಾನದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಾಘಾತದಿಂದ ಸತ್ತರು. ಹತ್ತಿರದ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 38 ಡಿಗ್ರಿ. ರಾಜಸ್ಥಾನದ ಮೇ ತಿಂಗಳಲ್ಲಿ ಅದು ಸುದ್ದಿಯೇ ಅಲ್ಲ.

ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿದ್ದರೆ ಬೆವರು ಆರದು. 33 ಡಿಗ್ರಿಗೆ ಶೇ 70 ಆರ್ದ್ರತೆ ಸೇರಿದರೆ, ಚಾಲ್ತಿಯಲ್ಲಿರುವ ಶಾಖ ಸೂಚ್ಯಂಕದ ಪ್ರಕಾರ ಮೈಗೆ ತಟ್ಟುವುದು ಸುಮಾರು 43 ಡಿಗ್ರಿ. ಮಂಗಳೂರು, ಚೆನ್ನೈ, ಭುವನೇಶ್ವರದ ಕಟ್ಟಡ ಕಾರ್ಮಿಕರಿಗೆ ಬೇಕಾದ ಅಂಕಿ ಇದು.

ರಾತ್ರಿಯ ಕಥೆ ಇನ್ನೂ ವಿಚಿತ್ರ. ಹಗಲು 40 ದಾಟಿದ್ದರೆ ಮಾತ್ರ ‘ಬಿಸಿ ರಾತ್ರಿ’ ಎಂಬ ವರ್ಗ ಅನ್ವಯಿಸುತ್ತದೆ. ಹಾಗಾಗಿ, ತಗಡಿನ ಸೂರಿನಡಿ ನಿದ್ದೆಗೆಡುವ ಕರಾವಳಿಯ ರಾತ್ರಿಗಳು ಬಹುಪಾಲು ಲೆಕ್ಕದಿಂದ ಹೊರಗೆ. ಇಲಾಖೆ 2023ರಿಂದ ಶಾಖ ಸೂಚ್ಯಂಕದ ನಕ್ಷೆಯನ್ನು ಪ್ರಾಯೋಗಿಕವಾಗಿ ಕೊಡುತ್ತಿದೆ. ಅದನ್ನು ಜಿಲ್ಲಾವಾರು ಹೊಸ್ತಿಲುಗಳೊಂದಿಗೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗೆ ಜೋಡಿಸಲು ಇನ್ನೂ ಎಷ್ಟು ಬೇಸಿಗೆ ಕಾಯಬೇಕು?

ವಿರೋಧ: ಸೆಕೆ ನಿಜ, ಲೆಕ್ಕ ಇನ್ನೂ ಕಚ್ಚಾ

ಆರ್ದ್ರತೆ ಮುಖ್ಯವಲ್ಲ ಎಂದು ಯಾರೂ ವಾದಿಸುತ್ತಿಲ್ಲ. ಅದನ್ನು ನೆಚ್ಚಿ ಶಾಲೆ ಮುಚ್ಚಿಸುವ, ಕೆಲಸ ನಿಲ್ಲಿಸುವ ಮಟ್ಟದ ಅಳತೆ ನಮ್ಮಲ್ಲಿದೆಯೇ ಎಂಬುದಷ್ಟೇ ಪ್ರಶ್ನೆ.

ಒಂದು ಲೆಕ್ಕ ಮಾಡಿ. ಕರಾವಳಿಯ ಕೇಂದ್ರವೊಂದರಲ್ಲಿ ಬೆಳಿಗ್ಗೆ 8.30ಕ್ಕೆ 28 ಡಿಗ್ರಿ, ಆರ್ದ್ರತೆ ಶೇ 90. ಮಧ್ಯಾಹ್ನದ ಗರಿಷ್ಠ 34. ಬೆಳಗಿನ ಆರ್ದ್ರತೆಯನ್ನು ಮಧ್ಯಾಹ್ನದ ಉಷ್ಣಾಂಶಕ್ಕೆ ಅಂಟಿಸಿದರೆ ಸೂಚ್ಯಂಕ 58 ಡಿಗ್ರಿ! ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಭಯಂಕರ ಅಂಕಿಗಳು ಹುಟ್ಟುವುದು ಹೀಗೂ ಇರಬಹುದು. ಗಾಳಿ ಕಾದಷ್ಟೂ ಅಷ್ಟೇ ನೀರಾವಿಯ ಶೇಕಡಾ ಪ್ರಮಾಣ ಇಳಿಯುತ್ತದೆ; 34 ಡಿಗ್ರಿಗೆ ಅದು ಶೇ 64. ಆಗ ಸೂಚ್ಯಂಕ 44. ಎರಡರ ನಡುವೆ 14 ಡಿಗ್ರಿ ಅಂತರ. ಮಧ್ಯಾಹ್ನ ಸಮುದ್ರದ ಗಾಳಿ ಒಂದು ಗಂಟೆ ಮೊದಲು ಒಳಬಂದರೂ ತಡವಾದರೂ ಈ ಲೆಕ್ಕ ಮತ್ತೆ ಅಲುಗಾಡುತ್ತದೆ, ಮುನ್ಸೂಚನೆ ಎಡವುವುದು ಅಲ್ಲೇ.

ಉಪಕರಣದ ಪಾಡು ಬೇರೆ. ಆರ್ದ್ರತೆ ಅಳೆಯಲು ಬಳಸುವ ಒದ್ದೆ ಬಲ್ಬಿನ ಉಷ್ಣಮಾಪಕಕ್ಕೆ ಸುತ್ತಿದ ಮಸ್ಲಿನ್ ಬಟ್ಟೆ ಒಣಗಿದರೆ, ಇಲ್ಲವೇ ಬಟ್ಟಿ ಇಳಿಸಿದ ನೀರಿನ ಬದಲು ಗಡಸು ನೀರು ಹಾಕಿ ಉಪ್ಪುಗಟ್ಟಿದರೆ, ಅಂಕಿ ಏರುತ್ತದೆ. ಆರ್ದ್ರತೆಯೂ ಇಲ್ಲದಷ್ಟು ಹೆಚ್ಚು ಕಾಣುತ್ತದೆ. ಸ್ವಯಂಚಾಲಿತ ಕೇಂದ್ರಗಳ ಸೆನ್ಸರ್ ಮೇಲೆ ದೂಳು, ಕಡಲ ಉಪ್ಪು ಕೂರುತ್ತದೆ. ಸರಳವಾದ ಉಷ್ಣಾಂಶವೇ ಕೈಕೊಟ್ಟ ಉದಾಹರಣೆ ಇದೆ: 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರ ಕೇಂದ್ರ 52.9 ಡಿಗ್ರಿ ತೋರಿಸಿ ಜಗತ್ತಿನ ಸುದ್ದಿಯಾಯಿತು. ಪರೀಕ್ಷಿಸಿದಾಗ ಸೆನ್ಸರ್ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು.

ಇನ್ನು, ಸೂಚ್ಯಂಕ ನೆರಳಿಗೆ, ಮಂದ ಗಾಳಿಗೆ ಮಾಡಿದ್ದು. ನೇರ ಬಿಸಿಲು ಅದರಲ್ಲಿ ಸೇರಿಲ್ಲ. ಪರ ವಾದದ ಕಾರ್ಮಿಕ ದುಡಿಯುವುದು ಬಿಸಿಲಿನಲ್ಲಿ. ಖಾರ್ಘರ್‌ನಲ್ಲಿ ಜನ ಕೂತಿದ್ದೂ ಬಿಸಿಲಲ್ಲೇ.

43ರ ಸೂಚ್ಯಂಕಕ್ಕೆಲ್ಲ ಕಿತ್ತಳೆ ಬಣ್ಣ ಹಚ್ಚಿದರೆ ಚೆನ್ನೈಗೆ ಮೇ ತಿಂಗಳಿಡೀ ಎಚ್ಚರಿಕೆ, ಮೂರನೇ ವಾರಕ್ಕೆ ಅದನ್ನು ಓದುವವರೇ ಇರುವುದಿಲ್ಲ. ಜಿಲ್ಲಾವಾರು ಹೊಸ್ತಿಲು ಬೇಕೆಂಬ ಮಾತು ಮಾತ್ರ ಒಪ್ಪತಕ್ಕದ್ದು. ಆದರೆ ಅದಕ್ಕೆ ದೇಶದ ಸೂತ್ರ ಬದಲಾಗಬೇಕಿಲ್ಲ. 2010ರ ಬಿಸಿಗಾಳಿಯ ಸಾವುಗಳ ನಂತರ ಅಹಮದಾಬಾದ್ 2013ರಲ್ಲಿ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡದ್ದು ಅದೇ ಗರಿಷ್ಠ ಉಷ್ಣಾಂಶದ ಮುನ್ಸೂಚನೆ ಇಟ್ಟುಕೊಂಡು. ಎಷ್ಟು ಡಿಗ್ರಿಗೆ ಯಾವ ಬಣ್ಣ, ಆಸ್ಪತ್ರೆ ಏನು ಸಿದ್ಧಮಾಡಬೇಕು ಎಂಬುದನ್ನು ನಗರವೇ ತೀರ್ಮಾನಿಸಿತು. ಬೆಂಗಳೂರು 37ಕ್ಕೇ ಗೆರೆ ಎಳೆದುಕೊಳ್ಳುತ್ತೇನೆಂದರೆ ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.