ಬಕ್ಷೀಸ್ ಪತ್ರ ಮತ್ತು ಕಾಕಾನ 'ಪ್ಪ'

ನಮ್ಮ ವಿಜಯಪುರದ ಕಡೆ ದಾನಪತ್ರಕ್ಕೆ ಬಕ್ಷೀಸ್ ಪತ್ರ ಅಂತಾರೆ. ಖಾನಾವಳಿಯಲ್ಲಿ ರೊಟ್ಟಿ ಬಡಿಸಿದವನಿಗೆ 10 ರೂಪಾಯಿ ಕೊಟ್ಟರೂ ಬಕ್ಷೀಸು, ಮಗಳಿಗೆ ಮನೆ ಕೊಟ್ಟರೂ ಬಕ್ಷೀಸು. ರೊಟ್ಟಿಯವನು ಮಾತ್ರ ನಿಮ್ಮ ಆಧಾರ್ ಕೇಳುವುದಿಲ್ಲ.

ಕಾಕಾನಿಗೆ 78. ಸ್ವಂತ ದುಡಿದು ಕಟ್ಟಿಸಿದ ಮನೆ. ತಾನು ಹೋದ ಮೇಲೆ ಮಗಳು ವಾರಸಾ, ವಂಶಾವಳಿ ಅಂತ ಅಲೆಯಬಾರದು, ಇರುವಾಗಲೇ ಬರೆದುಕೊಟ್ಟು ಬಿಡೋಣ ಅಂದುಕೊಂಡ. 1882ರ ಆಸ್ತಿ ವರ್ಗಾವಣೆ ಕಾನೂನೇನೋ ಸರಳವಾಗೇ ಇದೆ. ಕೊಡುವವನ ಸಹಿ, ಇಬ್ಬರು ಸಾಕ್ಷಿ, ನೋಂದಣಿ. ಕೊಡುವವನು ಬದುಕಿರುವಾಗಲೇ ಪಡೆಯುವವಳು ಒಪ್ಪಬೇಕು. ಮಗಳು ಒಪ್ಪಿದಳು. ಕಾಕಾ ಬದುಕೇ ಇದ್ದ. ಒಪ್ಪದೆ ಹೋದದ್ದು ಕಾಗದ.

ಉತಾರದಲ್ಲಿ, ಅಂದರೆ ಮನೆಯ ದಾಖಲೆಯಲ್ಲಿ, ಕಾಕಾನ ಹೆಸರಿನ ಕೊನೆಗೆ 'ಪ್ಪ' ಇದೆ. ಆಧಾರ್‌ನಲ್ಲಿ ಅದು 'ರಾಜ' ಆಗಿದೆ. ಪಾಸ್‌ಬುಕ್ಕಿನಲ್ಲಿ ಎರಡೂ ಉದುರಿ ಹೋಗಿವೆ. "ಈ ಮೂರೂ ಮಂದಿ ಒಬ್ಬರೇ ಅಂತ ಅಫಿಡವಿಟ್ ತನ್ನಿ" ಅಂದರು ನೋಂದಣಿ ಕಚೇರಿಯ ಟೇಬಲ್ಲಿನ ಆಚೆಗಿದ್ದವರು. ಕಾಕಾ ಬಾಂಡ್ ಪೇಪರಿನ ಮೇಲೆ 'ನಾನು ನಾನೇ' ಅಂತ ಬರೆಸಿ ತಂದ. ಸಾಧು ಸಂತರು ಜೀವಮಾನವಿಡೀ ಹುಡುಕಿದ್ದು ಇದನ್ನೇ ಅಲ್ವಾ? ನೋಟರಿಗೆ ಹತ್ತು ನಿಮಿಷ ಹಿಡಿಯಿತು.

ಆಮೇಲೆ ಊರಿನ ಸರದಿ. ಹಳೇ ಕಾಗದದಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ. 2014ರ ನವೆಂಬರ್ 1ರಂದು ಸರ್ಕಾರ ಒಂದೇ ಏಟಿಗೆ 12 ಊರುಗಳ ಹೆಸರು ಬದಲಿಸಿತು. ಒಂದು ಊರೂ ಅಫಿಡವಿಟ್ ಕೊಟ್ಟ ನೆನಪಿಲ್ಲ. ಗೋಳಗುಮ್ಮಟದಲ್ಲಿ ಒಮ್ಮೆ ಹೆಸರು ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರೆ. ಏಳೂ ಸಲ ಅದೇ ಹೆಸರು. ಆ ಗುಮ್ಮಟವನ್ನೇ ದಾಖಲೆ ವಿಭಾಗಕ್ಕೆ ಹಾಕಬೇಕಿತ್ತು.

ಕೊನೆಗೆ ಹೆಬ್ಬೆಟ್ಟು. ಮಷೀನು ಒಲ್ಲೆ ಅಂದಿತು. ಕಾಕಾ ಧೋತರದಂಚಿಗೆ ಒರೆಸಿದ, ಮತ್ತೆ ಒತ್ತಿದ. ಇಲ್ಲ. ಯಾರೋ ಕೊಬ್ಬರಿ ಎಣ್ಣೆ ತಂದರು. ಇಲ್ಲ. ಆ ಮನೆಗೆ ಕಲ್ಲು ಹೊತ್ತೇ ರೇಖೆಗಳು ಸವೆದಿದ್ದವು.

ಇಷ್ಟೆಲ್ಲ ಕೇಳಿದವರು, ಮನೆ ಕೊಟ್ಟ ಮೇಲೆ ಮಗಳು ಅನ್ನ ಹಾಕುತ್ತಾಳಾ ಅಂತ ಮಾತ್ರ ಕೇಳಲಿಲ್ಲ. ನೋಡಿಕೊಳ್ಳಬೇಕು ಅನ್ನೋ ಷರತ್ತು ಪತ್ರದಲ್ಲಿದ್ದರೆ, ತಪ್ಪಿದಾಗ 2007ರ ಹಿರಿಯರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದೆ ಕೊಟ್ಟರೆ ಸುಮ್ನೆ ಮನಸ್ಸು ಬದಲಾಯಿತು ಅಂತ ವಾಪಸ್ ಕೇಳೋ ಹಾಗಿಲ್ಲ.

ಹೊರಗೆ ಚಹಾ ಕುಡಿಯುತ್ತಾ ಒಬ್ಬರು ಹೇಳಿದರು: "ಮೃತ್ಯುಪತ್ರ, ಅಂದ್ರ ವಿಲ್, ಬರೆದಿಡ್ರಿ. ಬಿಳಿ ಹಾಳಿ, ಇಬ್ಬರು ಸಾಕ್ಷಿ ಸಾಕು. ನೋಂದಣಿ ಕಡ್ಡಾಯ ಅಲ್ಲ, ನಮ್ಮ ಕಡೆ ಅದು ಖರೇ ಅಂತ ಕೋರ್ಟಿನಿಂದ ಪ್ರೊಬೇಟ್ ಮಾಡಿಸೋದೂ ಕಡ್ಡಾಯ ಅಲ್ಲ."

ಕಾಕಾ ಬಸಿಯಿಂದ ಬಾಯಿ ತೆಗೆದ. "ಎದುರಿಗೆ ಕುಂತಾಗಲೇ ನಾ ನಾನಲ್ಲ ಅಂತಾರ. ಸತ್ತ ಮ್ಯಾಲೆ ಯಾರು ಬಂದು ಹೇಳಬೇಕೋ?"