‘ಕ್ಯಾಶ್’ ನಮ್ಮ ‘ಕಾಸಿ’ನಿಂದ ಬಂದಿದ್ದಾ? ಒಂದು ಸ್ಪಷ್ಟನೆ

ಕೈಯಲ್ಲಿರೋ ನಗದಿಗೆ ಇಂಗ್ಲಿಷಿನವರು ಹೇಳುವ ‘ಕ್ಯಾಶ್’ ನಮ್ಮ ‘ಕಾಸಿ’ನಿಂದಲೇ ಹುಟ್ಟಿತು ಎನ್ನುವ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ. ಆ ಪದ 16ನೇ ಶತಮಾನದ ಕೊನೆಗೆ ಫ್ರೆಂಚಿನ ‘ಕೇಸ್’, ಇಟಾಲಿಯನ್‌ನ ‘ಕಾಸ್ಸಾ’ ಕಡೆಯಿಂದ ಬಂದಿದ್ದು, ಅದರ ಮೂಲ ಲ್ಯಾಟಿನ್‌ನ ‘ಕಾಪ್ಸಾ’. ಅಂದರೆ ಪೆಟ್ಟಿಗೆ. ಮೊದಲು ಹಣದ ಪೆಟ್ಟಿಗೆಗೆ ಹೇಳುತ್ತಿದ್ದದ್ದು ಆಮೇಲೆ ಒಳಗಿನ ಹಣಕ್ಕೇ ಹೆಸರಾಯಿತು.

ಗೊಂದಲಕ್ಕೆ ಕಾರಣವೂ ಇದೆ, ಸುಮ್ನೆ ಹುಟ್ಟಿದ್ದಲ್ಲ. ಇಂಗ್ಲಿಷಿನಲ್ಲಿ ಇದೇ ಸ್ಪೆಲ್ಲಿಂಗಿನ ಇನ್ನೊಂದು ‘ಕ್ಯಾಶ್’ ಇದೆ, ದಕ್ಷಿಣ ಭಾರತದ, ಚೀನಾದ ಚಿಲ್ಲರೆ ನಾಣ್ಯಗಳ ಹೆಸರು. ಅದು ತಮಿಳಿನ ‘ಕಾಸು’ ಪೋರ್ಚುಗೀಸರ ಬಾಯಲ್ಲಿ ‘ಕೈಶಾ’ ಆಗಿ ಇಂಗ್ಲಿಷಿಗೆ ಹೋದದ್ದು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಲೆಕ್ಕದಲ್ಲಿ 80 ಕ್ಯಾಶ್ ಒಂದು ಫಣಂ, 42 ಫಣಂ ಒಂದು ಪಗೋಡ (ಆಗಿನ ಚಿನ್ನದ ನಾಣ್ಯ). ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಂತೂ ಕನ್ನಡದಲ್ಲಿ ‘ಕಾಸು’, ಇಂಗ್ಲಿಷಿನಲ್ಲಿ ‘ಕ್ಯಾಶ್’ ಎರಡೂ ಒಟ್ಟಿಗೇ ಇವೆ! ನೋಡಿದವರಿಗೆ ಒಂದೇ ಪದ ಅನ್ನಿಸೋದು ಸಹಜ ಅಲ್ವಾ.

ದೊಡ್ಡ ಇಂಗ್ಲಿಷ್ ನಿಘಂಟುಗಳು ಇವೆರಡನ್ನೂ ಬೇರೆ ಬೇರೆ ಪದಗಳಾಗಿಯೇ ಕೊಡುತ್ತವೆ. ಆ ಮೆಸೇಜು ನಿಮಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.